ಕಾಲೇಜು ಸೇರಿದ ವಾರವೇ ಕೇಳಿ

ಸೆಮಿಸ್ಟರ್ ಪರೀಕ್ಷೆಗೆ ಎರಡೇ ದಿನ ಉಳಿದಿತ್ತು. ಚಿಂಚೋಳಿ ಕಡೆಯ ಹುಡುಗನೊಬ್ಬ ನನ್ನ ಟೇಬಲ್ ಮುಂದೆ ಬಂದು ನಿಂತ. ಬಿ.ಎ. ಮೊದಲ ವರ್ಷ. ಕೈಯಲ್ಲಿ ಕಿರುಪರೀಕ್ಷೆಯ ಉತ್ತರ ಪತ್ರಿಕೆ ಇತ್ತು. ತೆಗೆದುಕೊಂಡು ನೋಡಿದೆ. ಮೊದಲ ಪುಟದಲ್ಲಿ ಅಕ್ಷರಗಳು ದುಂಡಗಿದ್ದವು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಗೆರೆ ಬಿಟ್ಟು ಕೆಳಗೆ ಜಾರಿದ್ದವು. ನಾಲ್ಕನೇ ಪುಟದಲ್ಲಿ ಒಂದೂವರೆ ಸಾಲು, ಅಷ್ಟೇ.

"ಉತ್ತರ ಬರ್ತದ್ರಿ ಸರ. ಕೈ ಬರಂಗಿಲ್ಲ" ಅಂದ.

ಅವನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಜೇಬಿನಲ್ಲೇ ಇತ್ತು. ಐದು ತಿಂಗಳಿಂದ ಯಾರಿಗೂ ತೋರಿಸಿರಲಿಲ್ಲ. ಯಾಕಪ್ಪಾ ಅಂದರೆ, "ತೋರಿಸಿದ್ರ ಎಲ್ಲಾರೂ ಅಯ್ಯೋ ಪಾಪ ಅಂತಾರ್ರಿ" ಅಂದ. ಸ್ಕ್ರೈಬ್‌ಗೆ (ಹೇಳಿದ್ದನ್ನು ಕೇಳಿ ಬರೆದುಕೊಡುವವರಿಗೆ) ಅನುಮತಿ ಬರುವಷ್ಟರಲ್ಲಿ ಎರಡು ಪೇಪರ್ ಮುಗಿದೇ ಹೋಗಿದ್ದವು. ಆ ಎರಡನ್ನೂ ಅವನು ಅದೇ ಕೈಯಲ್ಲಿ ಬರೆದ.

ಕಲಬುರಗಿಯ ಡಿಗ್ರಿ ಕಾಲೇಜೊಂದರಲ್ಲಿ ನಾನು ಪಾಠ ಮಾಡುತ್ತೇನೆ. ಸಮಾನ ಅವಕಾಶ ಘಟಕದ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ವರ್ಷಾ ವರ್ಷಾ ಇದೇ ಆಗುತ್ತದೆ. ಕೇಳಿದರೆ ಸಿಗುವಂಥದ್ದು, ತಡವಾಗಿ ಕೇಳಿದ್ದಕ್ಕೆ ಕೈತಪ್ಪುತ್ತದೆ. ಅದಕ್ಕೇ ಮಕ್ಕಳಿಗೂ ಅವರ ಮನೆಯವರಿಗೂ ನಾನು ಹೇಳುವುದು ಒಂದೇ: ಅಡ್ಮಿಷನ್ ಆದ ವಾರವೇ ಬಂದು ಕೇಳಿ.

ಇದು ಯಾರೋ ಕನಿಕರದಿಂದ ಕೊಡುವುದಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಆಯಿತು, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಣ್ಣು, ಕಿವಿ, ಕೈಕಾಲು ಮಾತ್ರವಲ್ಲ. ಓದು ಬರಹದ ಕಲಿಕಾ ತೊಂದರೆ, ಆಟಿಸಂ, ಮಾನಸಿಕ ಕಾಯಿಲೆ, ತಲಸ್ಸೇಮಿಯಾ, ಸಿಕಲ್ ಸೆಲ್ ಎಲ್ಲವೂ ಸೇರಿವೆ. ಅಂಗವೈಕಲ್ಯ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ. 5ರಷ್ಟು ಸೀಟು ಮೀಸಲು. ವಯಸ್ಸಿನ ಮಿತಿಯಲ್ಲಿ 5 ವರ್ಷ ಸಡಿಲಿಕೆ. ಸೀಟಿನ ವಿಷಯ ಬಹಳ ಮನೆಗಳಿಗೆ ಗೊತ್ತಿರುತ್ತದೆ. ಸೀಟು ಸಿಕ್ಕ ಮೇಲೆ ಏನು ಕೇಳಬಹುದು ಅನ್ನುವುದೇ ಗೊತ್ತಿರುವುದಿಲ್ಲ.

ಪರೀಕ್ಷೆಯ ಸಮಯವನ್ನೇ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪೇಪರ್‌ಗೆ ಒಂದು ಗಂಟೆ. ಸ್ಕ್ರೈಬ್ ತೆಗೆದುಕೊಂಡವರಿಗೆ ಮಾತ್ರ ಈ ಸಮಯ ಅಂತ ಎಷ್ಟೋ ಮೇಲ್ವಿಚಾರಕರು ತಿಳಿದುಕೊಂಡಿದ್ದಾರೆ. ಹಾಗಿಲ್ಲ. ಶೇ. 40 ಮುಟ್ಟಿದವರು ತಮ್ಮ ಕೈಯಿಂದಲೇ ಬರೆದರೂ ಆ ಒಂದು ಗಂಟೆ ಅವರದೇ. ಕಣ್ಣು ಕಾಣದವರು, ಎರಡೂ ಕೈಗೆ ತೊಂದರೆ ಇರುವವರು, ಸೆರೆಬ್ರಲ್ ಪಾಲ್ಸಿ ಇರುವವರು ಸ್ಕ್ರೈಬ್ ಬೇಕು ಅಂದರೆ ಕೊಡಬೇಕು. ಉಳಿದವರು ಬರೆಯಲು ತೊಂದರೆ ಇದೆ ಎಂಬ ಪ್ರಮಾಣಪತ್ರವನ್ನು ಸರ್ಕಾರಿ ಆಸ್ಪತ್ರೆಯಿಂದ ತರಬೇಕು. ಕೊನೆ ಗಳಿಗೆಯಲ್ಲಿ ಸಿಕ್ಕಿಬೀಳುವುದು ಇಲ್ಲಿಯೇ. ಸುರಪುರದಿಂದಲೋ ಔರಾದ್‌ನಿಂದಲೋ ಜಿಲ್ಲಾ ಕೇಂದ್ರಕ್ಕೆ ಬಂದು, ವೈದ್ಯರು ಸಿಕ್ಕಿ, ಸಹಿ ಆಗಿ, ಕಾಗದ ಕೈಗೆ ಬರಲು ಒಂದೇ ದಿನ ಸಾಕಾಗುವುದಿಲ್ಲ ಅಲ್ವಾ? ಜೊತೆಗೆ ಅಪ್ಪನ ಕೂಲಿಯೂ ಹೋಗುತ್ತದೆ.

ಶೇ. 40ಕ್ಕಿಂತ ಕಡಿಮೆ ಇರುವವರು, ಅಂದರೆ ಬಿಳಿ ಬಣ್ಣದ ಯುಡಿಐಡಿ ಕಾರ್ಡ್ ಇರುವವರು, ತಮಗೆ ಏನೂ ಇಲ್ಲ ಅಂತ ಸುಮ್ನೆ ಇದ್ದುಬಿಡುತ್ತಾರೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ಪರೀಕ್ಷೆಗೆ ಸ್ಕ್ರೈಬ್ ಕೇಳಿ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಶೇ. 40 ಇಲ್ಲ ಅನ್ನುವ ಒಂದೇ ಕಾರಣಕ್ಕೆ ಸ್ಕ್ರೈಬ್ ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಕೋರ್ಟ್ ಹೇಳಿತು. ಅದರ ಮೇಲೆ 2022ರ ಆಗಸ್ಟ್‌ನಲ್ಲಿ ಇಂಥವರಿಗಾಗಿಯೇ ಬೇರೆ ಮಾರ್ಗಸೂಚಿ ಬಂತು. ಈ ತೀರ್ಪಿನ ಪ್ರತಿಯೊಂದನ್ನು ನಾನು ಡ್ರಾಯರ್‌ನಲ್ಲೇ ಇಟ್ಟುಕೊಂಡಿರುತ್ತೇನೆ. ಆಗಾಗ ಬೇಕಾಗುತ್ತದೆ.

ಸ್ಕ್ರೈಬ್‌ನ ಓದು ನಿಮ್ಮ ಓದಿಗಿಂತ ಕೆಳಗಿನ ಹಂತದ್ದಾಗಿರಬೇಕು. ಎಷ್ಟು ಕೆಳಗೆ ಅನ್ನುವುದನ್ನು ನಿಮ್ಮ ವಿಶ್ವವಿದ್ಯಾಲಯದ ಆ ವರ್ಷದ ಸುತ್ತೋಲೆಯಲ್ಲಿ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯ, ಮೊದಲೇ ಅವರ ಜೊತೆ ಕೂತು ಒಮ್ಮೆ ಬರೆಸಿ ನೋಡಿ. ಹೇಳಿ ಬರೆಸುವುದೂ ಒಂದು ಅಭ್ಯಾಸ. ಎಲ್ಲಿ ಪ್ಯಾರಾ ಬದಲಾಗಬೇಕು, ಯಾವ ಪದಕ್ಕೆ ಅಡಿಗೆರೆ ಬೇಕು, ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಪರೀಕ್ಷೆ ದಿನವೇ ಮೊದಲ ಸಲ ಭೇಟಿಯಾದರೆ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ.

ತರಗತಿಯ ವಿಷಯ ಬಂದರೆ ನಾವು ಮೇಷ್ಟ್ರುಗಳು ತಿದ್ದಿಕೊಳ್ಳಬೇಕಾದದ್ದು ಬಹಳ ಇದೆ. ಶಹಾಪುರ ಕಡೆಯ ಹುಡುಗಿಯೊಬ್ಬಳಿಗೆ ಕಣ್ಣು ಕಾಣುವುದಿಲ್ಲ. ಮೊಬೈಲ್‌ನಲ್ಲಿ ತೆರೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೇ ಓದುತ್ತಾಳೆ. ನಾನು ಕಳಿಸಿದ ಕನ್ನಡ ನೋಟ್ಸ್ ತೆರೆದು, "ಸರ, ನೀವೇ ಕೇಳ್ರಿ" ಅಂತ ಫೋನ್ ಕೊಟ್ಟಳು. ಅದರಲ್ಲಿ ಒಂದು ಅಕ್ಷರ ಕನ್ನಡ ಬರಲಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ, ಮತ್ತೆ ಅಕ್ಷರ, ಹೀಗೆ ಗಡಗಡ ಓದುತ್ತಾ ಹೋಯಿತು. ನಾನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೆ. ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರಕ್ಕೆ ಇಂಗ್ಲಿಷ್ ಕೀಲಿಗಳ ಸಾಲು. ಯೂನಿಕೋಡ್‌ಗೆ ಪರಿವರ್ತಿಸಿ ಕಳಿಸಿದೆ, ಹತ್ತು ನಿಮಿಷದ ಕೆಲಸ. ಅದೇ ಫೋನ್ ನೀರು ಕುಡಿದಷ್ಟು ಸುಲಭವಾಗಿ ಓದಿತು. ಒಂದಿಡೀ ಸೆಮಿಸ್ಟರ್ ಅವಳು ಗೆಳತಿಯರಿಂದ ಓದಿಸಿಕೊಂಡಿದ್ದಳು ಅನ್ನುವುದು ಆಮೇಲೆ ಗೊತ್ತಾಗಿ ನನಗೆ ನೋವಾಯಿತು. ಪುಸ್ತಕದ ಪುಟದ ಫೋಟೋ ತೆಗೆದು ವಾಟ್ಸ್ಆ್ಯಪ್‌ಗೆ ಹಾಕುವುದೂ ಇಂಥದ್ದೇ. ಟಾಕ್‌ಬ್ಯಾಕ್ ಅದನ್ನು ಸರಿಯಾಗಿ ಓದುವುದಿಲ್ಲ.

ಕಿವಿ ಮಂದ ಇರುವವರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಬೋರ್ಡ್ ಕಡೆ ತಿರುಗಿ ಪಾಠ ಹೇಳಬೇಡಿ. ಗಾಲಿಕುರ್ಚಿಯವರು ಇದ್ದರೆ ಆ ತರಗತಿಯನ್ನೇ ನೆಲಮಹಡಿಗೆ ತನ್ನಿ. ಇದಕ್ಕೆ ಲಿಫ್ಟ್ ಬರುವ ತನಕ ಕಾಯಬೇಕಿಲ್ಲ, ಟೈಮ್‌ಟೇಬಲ್ ಬದಲಿಸಿದರೆ ಸಾಕು. ನಮ್ಮ ಬೇಸಿಗೆಯಲ್ಲಿ ಪರೀಕ್ಷೆ ಬಂದರೆ ಮೇಲಿನ ಮಹಡಿಯ ಕೋಣೆ ಕಾದ ಹಂಚು. ಫ್ಯಾನ್ ಕೆಳಗಿನ ಜಾಗ, ನೀರಿನ ಬಾಟಲಿ ಕೂಡ ಕೇಳುವಂಥ ವಿಷಯಗಳೇ.

ಇನ್ನು ಅರ್ಜಿ. ಯುಡಿಐಡಿ ಇನ್ನೂ ಆಗಿಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಿ. ಗೊತ್ತಾಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅವರು ಇರುವುದೇ ಇದಕ್ಕೆ. ಕಾಲೇಜಿನ ಅರ್ಜಿ ಪ್ರಾಚಾರ್ಯರ ಹೆಸರಿಗೆ ಇರಲಿ. ಕಾಯಿಲೆಯ ಕಥೆ ಬರೆಯಬೇಡಿ, ಬೇಕಾದ್ದನ್ನು ಬರೆಯಿರಿ. "ಪ್ರತಿ ಪರೀಕ್ಷೆಗೆ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಸ್ಕ್ರೈಬ್, ನೆಲಮಹಡಿಯ ಕೋಣೆ, ಯೂನಿಕೋಡ್ ನೋಟ್ಸ್" ಅಂದರೆ ಆಯಿತು. ಕಾರ್ಡ್‌ನ ಜೆರಾಕ್ಸ್ ಲಗತ್ತಿಸಿ. ಎರಡು ಪ್ರತಿ ಒಯ್ಯಿರಿ. ಒಂದನ್ನು ಆಫೀಸಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡು ಬನ್ನಿ. ಆಗುವುದಿಲ್ಲ ಅಂದರೆ ಅದನ್ನೂ ಬರಹದಲ್ಲೇ ಕೇಳಿ. ಬೆಂಗಳೂರಿನಲ್ಲಿರುವ ಅಂಗವಿಕಲರ ಹಕ್ಕುಗಳ ರಾಜ್ಯ ಆಯುಕ್ತರಿಗೆ ದೂರು ಕೊಡುವಾಗ ಆ ತಾರೀಖಿನ ಸೀಲು ಬೇಕಾಗುತ್ತದೆ.

ಚಿಂಚೋಳಿಯ ಹುಡುಗ ಎರಡನೇ ಸೆಮಿಸ್ಟರ್ ಶುರುವಾದ ಮೂರನೇ ದಿನವೇ ಬಂದ. ಅರ್ಜಿ ಅವನೇ ಬರೆದಿದ್ದ, ಐದು ಸಾಲು.