ಎರಡು ಆಯ್ಕೆ ಉಳಿದಾಗ ತಪ್ಪಾದದ್ದೇ ಏಕೆ ಕೈಗೆ ಸಿಗುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ವಿಜಯನಗರದಲ್ಲಿ ಪಿಜಿಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಗದ್ಯಭಾಗ ಓದಿದಾಗ ಎಲ್ಲವೂ ಅರ್ಥವಾಗುತ್ತದೆ. ಆದರೆ ‘ಈ ಭಾಗದ ಮುಖ್ಯ ವಿಚಾರ ಯಾವುದು’ ಎಂದು ಕೇಳಿದರೆ ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಹೊಡೆದುಹಾಕಿ, ಉಳಿದ ಎರಡರಲ್ಲಿ ತಪ್ಪಾದದ್ದನ್ನೇ ಗುರುತು ಮಾಡಿ ಬರುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಶಾಲೆಯಲ್ಲಿ ‘ಗದ್ಯಭಾಗವನ್ನು ಓದಿ ಉತ್ತರಿಸಿ’ ಎಂಬ ಪ್ರಶ್ನೆಗೆ ನಾವೆಲ್ಲ ಹೇಗೆ ಉತ್ತರಿಸುತ್ತಿದ್ದೆವು ಎಂಬುದನ್ನು ನೆನಪಿಸಿಕೊಳ್ಳಿ. ಪ್ರಶ್ನೆಯಲ್ಲಿದ್ದ ಒಂದು ಪದ ಹಿಡಿದು, ಅದು ಗದ್ಯದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ, ಆ ಸಾಲನ್ನೇ ಉತ್ತರವಾಗಿ ಇಳಿಸುತ್ತಿದ್ದೆವು. ಅಂಕವೂ ಬರುತ್ತಿತ್ತು. ವರ್ಷಗಟ್ಟಲೆ ಹಾಗೆ ಪಳಗಿದ ಕಣ್ಣು, ಗದ್ಯದಲ್ಲಿರುವ ಪದವೇ ಆಯ್ಕೆಯಲ್ಲೂ ಕಂಡರೆ ಇವತ್ತಿಗೂ ಅತ್ತ ವಾಲುತ್ತದೆ. ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಿಗೆ ಇದು ಚೆನ್ನಾಗಿ ಗೊತ್ತು.

ಇನ್ನೊಂದು ಎಡವಟ್ಟು, ವಿಷಯವನ್ನೂ ವಿಚಾರವನ್ನೂ ಒಂದೇ ಎಂದುಕೊಳ್ಳುವುದು. ಗದ್ಯ ಯಾವುದರ ಬಗ್ಗೆ ಎಂದು ಕೇಳಿದರೆ ಸಿಗುವುದು ವಿಷಯ. ಅದರ ಬಗ್ಗೆ ಲೇಖಕರು ಏನು ಹೇಳಿದರು ಎಂದು ಕೇಳಿದರೆ ಸಿಗುವುದು ವಿಚಾರ. ‘ಬೆಂಗಳೂರಿನ ಕೆರೆಗಳು’ ಎಂಬುದು ವಿಷಯ, ಅದನ್ನು ಎರಡು ಪದಗಳಲ್ಲಿ ಹೇಳಿ ಮುಗಿಸಬಹುದು. ವಿಚಾರಕ್ಕೆ ಮಾತ್ರ ಕ್ರಿಯಾಪದ ಬೇಕು, ಅದು ಪೂರ್ತಿ ವಾಕ್ಯವಾಗಿಯೇ ಬರಬೇಕು. ಕೆಳಗಿನ ಭಾಗವನ್ನು ಪರೀಕ್ಷೆಯಲ್ಲಿ ಓದುವಂತೆ ಒಮ್ಮೆ ಓದಿ. ನಿಮಗಾಗಿಯೇ ಬರೆದದ್ದು.

‘ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿ ಯಾವುದೂ ಹರಿಯುವುದಿಲ್ಲ. ಹಿಂದಿನವರು ಮಳೆನೀರನ್ನು ಹಿಡಿದಿಡಲು ಕೆರೆಗಳನ್ನು ಕಟ್ಟಿಸಿ, ಒಂದರ ಕೋಡಿ ನೀರು ಇನ್ನೊಂದಕ್ಕೆ ಇಳಿಯುವಂತೆ ಕಾಲುವೆಗಳಿಂದ ಬೆಸೆದರು. ಮುಂದೆ ಹೆಸರಘಟ್ಟದಿಂದ, ತಿಪ್ಪಗೊಂಡನಹಳ್ಳಿಯಿಂದ, ಆಮೇಲೆ ಕಾವೇರಿಯಿಂದ ಕೊಳವೆಗಳಲ್ಲಿ ನೀರು ಬಂತು. ಮನೆಯ ನಲ್ಲಿಗೂ ಬಡಾವಣೆಯ ಕೆರೆಗೂ ಇದ್ದ ನಂಟು ಕಡಿಯಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣ ಎದ್ದಿತು. ಆದರೆ ಕುಡಿಯುವ ನೀರು ಕೊಡುವುದಷ್ಟೇ ಕೆರೆಗಳ ಕೆಲಸವಾಗಿರಲಿಲ್ಲ. ಜೋರು ಮಳೆಯಲ್ಲಿ ಹರಿದು ಬಂದ ನೀರು ಬಂದು ನಿಲ್ಲುತ್ತಿದ್ದುದೂ ಅಲ್ಲಿಯೇ. ಆ ಜಾಗ ಇಲ್ಲವಾದರೆ ನೀರು ರಸ್ತೆಗೆ ನುಗ್ಗುತ್ತದೆ.’

ಆಯ್ಕೆಗಳು ಇವು. ಒಂದು: ಬೆಂಗಳೂರಿನ ಕೆರೆಗಳು ಬಸ್ ನಿಲ್ದಾಣ, ಕ್ರೀಡಾಂಗಣಗಳಾಗಿ ಮಾರ್ಪಟ್ಟವು. ಎರಡು: ನಗರಗಳು ಬೆಳೆದಂತೆ ಪರಿಸರ ಹಾಳಾಗುತ್ತದೆ. ಮೂರು: ಕೆರೆಗಳನ್ನು ಮರಳಿ ಕಟ್ಟಿದರೆ ಮಾತ್ರ ಬೆಂಗಳೂರಿನ ರಸ್ತೆಗಳಲ್ಲಿ ನೀರು ನಿಲ್ಲುವುದು ತಪ್ಪುತ್ತದೆ. ನಾಲ್ಕು: ಕುಡಿಯುವ ನೀರಿಗೆ ಕೆರೆಗಳನ್ನು ನೆಚ್ಚುವುದು ನಿಂತರೂ ಮಳೆನೀರನ್ನು ತಡೆದು ಹಿಡಿಯುವ ಅವುಗಳ ಅಗತ್ಯ ಹೋಗಿಲ್ಲ.

ಮೊದಲನೆಯದು ಗದ್ಯದಲ್ಲಿ ಹೆಚ್ಚುಕಡಿಮೆ ಹಾಗೇ ಇದೆ, ಆದರೆ ಅದೊಂದು ಉದಾಹರಣೆ. ಎರಡನೆಯದು ತೀರಾ ದೊಡ್ಡ ಮಾತು, ಯಾವ ಊರಿನ ಗದ್ಯಕ್ಕಾದರೂ ಅಂಟಿಸಬಹುದು. ನೀವು ಹೊಡೆದುಹಾಕುವ ಎರಡು ಇವೇ ಇರಬೇಕು. ಉಳಿದದ್ದು ಮೂರು ಮತ್ತು ನಾಲ್ಕು.

ಮೂರನೆಯದರ ಸೆಳೆತ ಇರುವುದು ಗದ್ಯದ ಹೊರಗೆ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ನೀರಿನಲ್ಲಿ ಮುಳುಗಿದ್ದನ್ನು ಕಂಡ ಯಾರಿಗೇ ಆಗಲಿ, ಅದು ತಮ್ಮ ಮನಸ್ಸಿನ ಮಾತೇ ಅನ್ನಿಸುತ್ತದೆ. ನನಗೂ ಕೆರೆಗಳು ಮರಳಿ ಬರಲಿ ಎಂಬ ಆಸೆಯಿದೆ. ಆದರೆ ಗದ್ಯದಲ್ಲಿ ಕೆರೆಗಳನ್ನು ಮರಳಿ ಕಟ್ಟಿ ಎಂಬ ಸಲಹೆ ಎಲ್ಲಿದೆ? ‘ಮಾತ್ರ’ ಎಂಬ ಪದಕ್ಕೆ ಆಧಾರ ಎಲ್ಲಿದೆ? ನಮಗೆ ಗೊತ್ತಿರುವ ಸತ್ಯವನ್ನು ಲೇಖಕರ ಬಾಯಿಗೆ ಹಾಕಿದಾಗಲೇ ಅಂಕ ಹೋಗುವುದು. ಅದರಲ್ಲೂ ಗದ್ಯ ನಮ್ಮ ಊರಿನದೋ ನಮ್ಮ ನೆಚ್ಚಿನ ವಿಷಯದ್ದೋ ಆದಾಗ ಇನ್ನೂ ಹೆಚ್ಚು ಎಚ್ಚರ ಬೇಕು. ಗೊತ್ತಿಲ್ಲದ ವಿಷಯವನ್ನು ನಾವು ಗಮನವಿಟ್ಟು ಓದುತ್ತೇವೆ, ಗೊತ್ತಿರುವುದನ್ನು ಅರ್ಧ ಓದಿ ಅರ್ಧ ತುಂಬಿಕೊಳ್ಳುತ್ತೇವೆ.

ನಾಲ್ಕನೆಯದೇ ಸರಿ ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು? ಒಂದೊಂದೇ ವಾಕ್ಯವನ್ನು ಬೆರಳಿನಿಂದ ಮುಚ್ಚಿ ನೋಡಿ. ಬಸ್ ನಿಲ್ದಾಣದ ವಾಕ್ಯ ಮುಚ್ಚಿದರೆ ಒಂದು ಚಿತ್ರ ಕಡಿಮೆಯಾಗುತ್ತದೆ, ಮಾತು ಹಾಗೇ ನಿಲ್ಲುತ್ತದೆ. ‘ಆದರೆ’ಯಿಂದ ಕೊನೆಯವರೆಗೆ ಮುಚ್ಚಿದರೆ ಉಳಿಯುವುದು ನೀರು ಸರಬರಾಜಿನ ಇತಿಹಾಸ, ಅಂದರೆ ಬೇರೆಯದೇ ಗದ್ಯ. ಯಾವ ಮಾತನ್ನು ಆಡಲೆಂದು ಉಳಿದ ವಾಕ್ಯಗಳೆಲ್ಲ ಬಂದು ಸೇರಿವೆಯೋ ಅದೇ ಮುಖ್ಯ ವಿಚಾರ. ಅದು ಮೊದಲ ಸಾಲಿನಲ್ಲೇ ಇರುತ್ತದೆ ಎಂದು ಕೆಲವು ತರಗತಿಗಳಲ್ಲಿ ಹೇಳಿಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಇಲ್ಲಿನ ಮೊದಲ ಸಾಲು ನದಿಯ ಬಗ್ಗೆ ಇದೆ, ಅದನ್ನು ನಂಬಿ ಹೊರಟರೆ ದಾರಿ ತಪ್ಪುತ್ತೀರಿ. ಆದರೆ, ಆದರೂ, ಹಾಗಿದ್ದರೂ, ಹೀಗಾಗಿ ಎಂಬ ಪದಗಳ ಬಳಿ ಒಂದು ಕ್ಷಣ ನಿಲ್ಲಿ. ಲೇಖಕರು ಅಷ್ಟರವರೆಗೆ ಬೇರೆಯವರ ಮಾತನ್ನೋ ಹಿನ್ನೆಲೆಯನ್ನೋ ಹೇಳಿ, ತಮ್ಮ ಮಾತಿಗೆ ಹೊರಳುವುದು ಹೆಚ್ಚಾಗಿ ಅಲ್ಲಿಯೇ.

ಈಗ ಅದೇ ಗದ್ಯದ ಕೊನೆಗೆ ಒಂದು ವಾಕ್ಯ ಸೇರಿಸಿ: ‘ಆದ್ದರಿಂದ ಹೊಸ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ ಮಳೆನೀರು ಹರಿಯುವ ದಾರಿಯನ್ನು ಗುರುತಿಸಲೇಬೇಕು.’ ಹಿಂದಿನ ಒಂದು ಅಕ್ಷರವೂ ಬದಲಾಗಲಿಲ್ಲ, ಮುಖ್ಯ ವಿಚಾರ ಮಾತ್ರ ಬದಲಾಯಿತು. ಈಗ ನಾಲ್ಕನೆಯ ಆಯ್ಕೆ ಕಾರಣದ ಸ್ಥಾನಕ್ಕೆ ಸರಿಯಿತು, ಬಡಾವಣೆಯ ಮಾತು ಮುಂದೆ ಬಂತು. ಕೊನೆಯ ಸಾಲನ್ನು ಆತುರದಲ್ಲಿ ಓದಬೇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಸಮಯದ ಚಿಂತೆ ನಿಮಗಿದ್ದೇ ಇರುತ್ತದೆ. ಯುಪಿಎಸ್‌ಸಿ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆಯಾದ ಸಿಸ್ಯಾಟ್‌ನಲ್ಲಿ 2 ಗಂಟೆಗೆ 80 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಅರ್ಹತೆಗೆ ಬೇಕಾದದ್ದು ಶೇ 33. ಪ್ರತಿ ಪ್ರಶ್ನೆಗೆ 2.5 ಅಂಕ, ತಪ್ಪಿದರೆ ಅದರ ಮೂರನೇ ಒಂದು ಭಾಗ ಕಡಿತ. ಹಾಗಾಗಿ ಗದ್ಯವನ್ನು ಎರಡೆರಡು ಸಲ ಓದುವ ಬದಲು ಒಂದೇ ಸಲ ನಿಧಾನವಾಗಿ ಓದಿ, ಆಯ್ಕೆಗಳತ್ತ ಕಣ್ಣು ಹಾಯಿಸುವ ಮೊದಲೇ ‘ಇವರು ಹೇಳುತ್ತಿರುವುದು ಏನೆಂದರೆ...’ ಎಂದು ಮನಸ್ಸಿನಲ್ಲೇ ಒಂದು ವಾಕ್ಯ ಮುಗಿಸಿಕೊಳ್ಳಿ. ಆ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಗದ್ಯವನ್ನು ಇಂಗ್ಲಿಷಿನಲ್ಲಿ ಓದಿದರೂ ಈ ವಾಕ್ಯವನ್ನು ಕನ್ನಡದಲ್ಲೇ ಮಾಡಿಕೊಳ್ಳಿ. ಕನ್ನಡದಲ್ಲಿ ಅದು ತಡವರಿಸಿದರೆ ಗದ್ಯ ಇನ್ನೂ ದಕ್ಕಿಲ್ಲ ಎಂದೇ ಅರ್ಥ. ಇಂಗ್ಲಿಷಿನ ಪದಗಳನ್ನೇ ಮನಸ್ಸಿನಲ್ಲಿ ತಿರುಗಿಸುತ್ತಿದ್ದರೆ ಅರ್ಥವಾಯಿತೆಂಬ ಭ್ರಮೆ ಉಳಿದುಬಿಡುತ್ತದೆ.

ಅಭ್ಯಾಸಕ್ಕೆ ದುಡ್ಡು ಕೊಟ್ಟು ಪುಸ್ತಕ ಕೊಳ್ಳಬೇಕಾಗಿಲ್ಲ. ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೋ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಕೇಂದ್ರ ಗ್ರಂಥಾಲಯಕ್ಕೋ ಹೋಗಿ, ದಿನಪತ್ರಿಕೆಯ ಸಂಪಾದಕೀಯವನ್ನು ತಲೆಬರಹ ಮುಚ್ಚಿಕೊಂಡು ಓದಿ. ಓದಿದ ಮೇಲೆ ಹದಿನೈದು ಪದ ಮೀರದ ಒಂದು ವಾಕ್ಯ ಬರೆಯಿರಿ. ಜೊತೆಯಲ್ಲಿ ಓದುವ ಗೆಳೆಯರೊಬ್ಬರಿಗೂ ಅದನ್ನೇ ಬರೆಯಲು ಹೇಳಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡೂ ಹೊಂದದಿದ್ದರೆ ವಾದ ಮಾಡುತ್ತಾ ಕೂರದೆ ಮತ್ತೆ ಲೇಖನಕ್ಕೇ ಹೋಗಿ, ನಿಮ್ಮಿಬ್ಬರ ದಾರಿ ಎಲ್ಲಿ ಬೇರೆಯಾಯಿತು ಎಂದು ಹುಡುಕಿ. ಬಹಳ ಸಲ ಅಲ್ಲಿ ಸಿಗುವುದು, ಒಬ್ಬರು ಗಮನಿಸದೆ ದಾಟಿಹೋದ ಒಂದು ‘ಆದರೆ’.