ಬಿಳಿ ಹಿಮಕ್ಕಲ್ಲ, ಒದ್ದೆ ರಸ್ತೆಗೆ ಹೆದರಿ

ಶಿರಸಿಯಲ್ಲಿ ಕೂತು ಹಿಮದ ಬಗ್ಗೆ ಬರೆಯುವ ಫಿಸಿಯೋಥೆರಪಿಸ್ಟ್ ನಾನೊಬ್ಬನೇ ಇರಬೇಕು. ಏನು ಮಾಡುವುದು? ಚಳಿಗಾಲದಲ್ಲಿ ಕೆನಡಾ, ಅಮೆರಿಕದ ಮಕ್ಕಳ ಮನೆಗೆ ಹೋದವರು ಮಣಿಕಟ್ಟು ಮುರಿದುಕೊಂಡು ಬಂದರೆ ವ್ಯಾಯಾಮ ಮಾಡಿಸುವವನು ನಾನೇ.

ಹೊರಡುವಾಗ ಎಲ್ಲರೂ ಕೇಳುವುದು ಸ್ವೆಟರ್ ಎಷ್ಟು ಬೇಕು ಅಂತ. ಬೂಟಿನ ಅಡಿ ಹೇಗಿರಬೇಕು ಅಂತ ಒಬ್ಬರೂ ಕೇಳುವುದಿಲ್ಲ.

ನಮ್ಮ ಕಡೆಯ ಅಡಿಕೆ ತೋಟದವರೊಬ್ಬರು ಟೊರಾಂಟೊದಲ್ಲೂ ಬೆಳಿಗ್ಗೆ ಆರಕ್ಕೇ ವಾಕಿಂಗ್ ಹೊರಟು ಜಾರಿ ಬಿದ್ದಿದ್ದರು. ‘ಹಿಮ ಎಲ್ಲಿತ್ತು ಮಾರಾಯ್ರೆ? ಹಿಮ ಇದ್ದಲ್ಲಿ ಕಾಲೇ ಇಡಲಿಲ್ಲ. ಕಪ್ಪು ಟಾರು ರಸ್ತೆ, ಸ್ವಲ್ಪ ಒದ್ದೆ ಇತ್ತು ಅಷ್ಟೆ’ ಅಂದರು.

ಎಲ್ಲರೂ ಎಡವುವುದು ಇಲ್ಲೇ. ಈಗಷ್ಟೇ ಬಿದ್ದ ಹಿಮದಲ್ಲಿ ಕಾಲು ಹೂತು ಒಂದಿಷ್ಟು ಹಿಡಿತ ಸಿಗುತ್ತದೆ. ಹಗಲು ಕರಗಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಗಾಜಿನ ಹಾಗೆ ತೆಳು ಪದರ. ಕೆಳಗಿನ ಟಾರು ಕಾಣುವುದರಿಂದ ಅಲ್ಲಿನವರು ಬ್ಲ್ಯಾಕ್ ಐಸ್ ಅನ್ನುತ್ತಾರೆ. ನೋಡಿದರೆ ಒದ್ದೆ, ಮುಟ್ಟಿದರೆ ಮಂಜುಗಡ್ಡೆ. ಚಳಿಗಾಲದ ಬೆಳಿಗ್ಗೆ ರಸ್ತೆ ಮಿನುಗಿದರೆ ಅದು ನೀರಲ್ಲ ಅಂತಲೇ ತಿಳಿಯಿರಿ. ಮಂಜುಗಡ್ಡೆ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕಿದ್ದಾರಲ್ಲ ಅನ್ನಬೇಡಿ. ಮೈನಸ್ 10 ಡಿಗ್ರಿಯ ಆಸುಪಾಸು ಬಂದರೆ ಮಾಮೂಲಿ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಬಿಸಿಲು ಏರಿದ ಮೇಲೆ ಹೊರಡಿ. ಇಲ್ಲವೇ ಮಾಲ್ ಒಳಗೇ ನಾಲ್ಕು ಸುತ್ತು ಹಾಕಿ, ನಾಚಿಕೆ ಏನಿಲ್ಲ.

ಬೀಳುವಾಗ ಅಂಗೈ ಊರಿದರೆ ಮುರಿಯುವುದು ಮಣಿಕಟ್ಟಿನ ಮೇಲಿನ ಮೂಳೆ. ಡಬ್ಲಿನ್‌ನ ಸರ್ಜನ್ ಅಬ್ರಹಾಂ ಕಾಲಿಸ್ 1814ರಲ್ಲೇ ಇದನ್ನು ವಿವರಿಸಿದ್ದರು. ಹಾಗಂತ ಕೈಯನ್ನು ಜೇಬಿನಲ್ಲಿ ಇಡಬೇಡಿ, ಆಯ ತಪ್ಪುತ್ತದೆ. ಗ್ಲೌಸ್ ಹಾಕಿ ಹೊರಗಿಡಿ.

ನನಗೆ ಸಿಟ್ಟು ಬರುವುದು ಯಾಕೆ ಗೊತ್ತಾ? ಆಷಾಢದಲ್ಲಿ ಹಾವಸೆ ಕಟ್ಟಿದ ಅಂಗಳವನ್ನು ಇದೇ ಜನ ಹಾಲಿನ ಚೊಂಬು ಹಿಡಿದು ಆರಾಮಾಗಿ ದಾಟುತ್ತಾರೆ. ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರಿ, ಮೈಭಾರ ಮುಂದಿನ ಕಾಲಿಗೆ. ಅಲ್ಲೂ ಅದೇ ನಡಿಗೆ ಸಾಕು! ಬೂಟಿನಡಿ ಸಿಕ್ಕಿಸುವ ಮೊಳೆಪಟ್ಟಿಯೂ ಸಿಗುತ್ತದೆ, ಒಳ್ಳೆಯದೇ. ಟೈಲ್ಸ್ ಮೇಲೆ ಬರುವ ಮೊದಲು ಮಾತ್ರ ಬಿಚ್ಚಿ, ಅಲ್ಲಿ ಅದೇ ಜಾರಿಸುತ್ತದೆ.

ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರಬಹುದು. ಹೃದಯದ ತೊಂದರೆ ಇದ್ದವರು ನಿಮ್ಮ ಡಾಕ್ಟರನ್ನೇ ಕೇಳಿ. ಅದು ನಾನು ಹೇಳುವ ವಿಷಯವಲ್ಲ.

ತೋಟದವರು ಈಗ ದಿನಾ ರಬ್ಬರ್ ಚೆಂಡು ಹಿಸುಕುತ್ತಿದ್ದಾರೆ. ಡಿಸೆಂಬರ್‌ಗೆ ಮತ್ತೆ ಟಿಕೆಟ್ ಆಗಿದೆಯಂತೆ. ಬೂಟಿನ ಕಥೆ ಏನಾಯ್ತು ಅಂದೆ. ‘ಅಪ್ಪೆಮಿಡಿ ಉಪ್ಪಿನಕಾಯಿಯೇ ನಾಲ್ಕು ಕೆಜಿ ಆಯ್ತು, ಬೂಟಿಗೆ ಜಾಗ ಇಲ್ಲ’ ಅಂದರು. ಇಳಿದ ದಿನವೇ ಅಲ್ಲಿ ತಗೊಳ್ಳಿ ಅಂತ ಹೇಳಿ ಕಳಿಸಿದ್ದೇನೆ.