ಸೈನಿಕರ ಪಾದಕ್ಕೇ ಈ ಫಂಗಸ್ ಏಕೆ ಜಾಸ್ತಿ?

ಕಾಲಿನ ಕಿರುಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗಾಗಿ ಮೆತ್ತಗಾಗುತ್ತದೆ. ಆಮೇಲೆ ಸುಲಿಯುತ್ತದೆ, ವಿಪರೀತ ತುರಿಸುತ್ತದೆ. ಇದೇ ಅಥ್ಲೀಟ್ಸ್ ಫೂಟ್. ಮೈಮೇಲೆ ಹುಳುಕಡ್ಡಿ ತರುವ ಫಂಗಸ್‌ಗಳ ಗುಂಪೇ ಇದಕ್ಕೂ ಕಾರಣ. ಹೆಚ್ಚಾಗಿ ಕಾಣುವುದು ಟ್ರೈಕೋಫೈಟಾನ್ ರೂಬ್ರಮ್. ಕಾಲು ಸರಿಯಾಗಿ ತೊಳೆಯದವರಿಗೆ ಬರುವ ಕಾಯಿಲೆ ಇದು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಸೈನಿಕರ ಮಟ್ಟಿಗೆ ಈ ಮಾತು ದೊಡ್ಡ ಅನ್ಯಾಯ. ದಿನಕ್ಕೆ ಎಷ್ಟು ಹೊತ್ತು ಪಾದ ಒದ್ದೆಯಾಗಿರುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

ಎರಡೂ ಪಾದ ಸೇರಿ ಸುಮಾರು 2.5 ಲಕ್ಷ ಬೆವರು ಗ್ರಂಥಿಗಳಿವೆ. ದಪ್ಪ ಬೂಟು ಹಾಕಿ ಬಿಗಿಯಾಗಿ ಲೇಸು ಕಟ್ಟಿದರೆ ಆ ಬೆವರು ಆರುವುದಾದರೂ ಹೇಗೆ? ಚರ್ಮದ ಮೇಲ್ಪದರ ನೀರು ಹೀರಿ ಉಬ್ಬುತ್ತದೆ, ನಡೆದು ನಡೆದು ಉಜ್ಜಿದಲ್ಲಿ ಬಿರಿಯುತ್ತದೆ. ಸತ್ತ ಜೀವಕೋಶಗಳ ಆ ಪದರದಲ್ಲಿ ತುಂಬಿರುವುದು ಕೆರಾಟಿನ್ ಎಂಬ ಪ್ರೋಟೀನ್. ಫಂಗಸ್‌ಗೆ ಅದೇ ಊಟ. ರಕ್ತನಾಳಗಳು ಆ ಪದರಕ್ಕೆ ಬರುವುದೇ ಇಲ್ಲ. ಹಾಗಾಗಿ ಅಲ್ಲಿ ಸೇರಿಕೊಂಡ ಫಂಗಸ್ಸನ್ನು ಓಡಿಸಲು ದೇಹ ಪರದಾಡುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ಇದು ಎದ್ದು ಕಂಡಿತು. ಮೆಕಾಂಗ್ ನದಿ ಮುಖಜ ಭೂಮಿಯ ಭತ್ತದ ಗದ್ದೆಗಳಲ್ಲಿ ಅಮೆರಿಕದ ಸೈನಿಕರು ದಿನಗಟ್ಟಲೆ ನೀರಲ್ಲೇ ನಡೆಯಬೇಕಿತ್ತು. ಅವರ ಬೂಟಿನಲ್ಲಿ ನೀರು ಹೊರಹೋಗಲು ತೂತುಗಳಿದ್ದವು. ಆದರೆ ನೀರಲ್ಲೇ ನಿಂತವನಿಗೆ ಆ ತೂತುಗಳಿಂದ ಏನು ಪ್ರಯೋಜನ? ಪಾದದ ಜತೆಗೆ ಕಣಕಾಲು, ತೊಡೆಸಂದಿಗೂ ಫಂಗಸ್ ಹಬ್ಬಿತು. ಅಲ್ಲಿ ಮುಖ್ಯವಾಗಿ ಸಿಕ್ಕಿದ್ದು ಅದೇ ಗುಂಪಿನ ಇನ್ನೊಂದು ಫಂಗಸ್, ಟ್ರೈಕೋಫೈಟಾನ್ ಮೆಂಟಾಗ್ರೋಫೈಟಿಸ್. ಅಲ್ಲಿನ ಇಲಿಗಳ ಮೈಮೇಲೂ ಅದು ಪತ್ತೆಯಾಯಿತು. ಕೊನೆಗೆ 9ನೇ ಪದಾತಿ ಡಿವಿಷನ್, ಗದ್ದೆ ಪ್ರದೇಶದ ಕಾರ್ಯಾಚರಣೆಗೆ 48 ಗಂಟೆಗಳ ಮಿತಿ ಹಾಕಿತು. ಆಮೇಲೆ ಕಾಲು ಒಣಗಿಸಿಕೊಳ್ಳಲು ಬಿಡುವು. ಗುಂಡಿಗೆ ಅಂಜದ ಸೇನೆಯೂ ಒದ್ದೆ ಕಾಲಿಗೆ ತಲೆಬಾಗಬೇಕಾಯಿತು.

ಬ್ಯಾರಕ್‌ನಲ್ಲಿ ಅಪಾಯ ಬೇರೆ ಥರ. ಎಲ್ಲರಿಗೂ ಒಂದೇ ಸ್ನಾನಗೃಹ. ಒಬ್ಬನ ಪಾದದಿಂದ ಉದುರಿದ ಚರ್ಮದ ಹೊಟ್ಟಿನಲ್ಲಿ ಫಂಗಸ್ ತಿಂಗಳುಗಟ್ಟಲೆ ಬದುಕಿರಬಲ್ಲದು. ಬರಿಗಾಲಲ್ಲಿ ಅದನ್ನು ತುಳಿದರೆ, ಇನ್ನೊಬ್ಬರ ಟವೆಲ್ಲೋ ಸಾಕ್ಸೋ ಬಳಸಿದರೆ ಅಂಟಿಕೊಳ್ಳುತ್ತದೆ. ಕಾಲು ಜಾಸ್ತಿ ಬೆವರುವವರಿಗೆ, ಹಿಂದೆ ಒಮ್ಮೆ ಬಂದವರಿಗೆ ಅಪಾಯ ಹೆಚ್ಚು.

ಸುಮ್ನೆ ತುರಿಕೆ ತಾನೆ ಎಂದು ಬಿಡುವಂತಿಲ್ಲ. ಬಿರಿದ ಸಂದಿಯಿಂದ ಬ್ಯಾಕ್ಟೀರಿಯಾ ಒಳಹೊಕ್ಕರೆ ಇಡೀ ಕಾಲು ಕೆಂಪಾಗಿ ಊದಿಕೊಂಡು ಜ್ವರ ಬರುತ್ತದೆ. ಅದು ಸೆಲ್ಯುಲೈಟಿಸ್. ನಡೆಯುವುದೇ ಕಷ್ಟವಾಗುತ್ತದೆ.

ಸಿಕ್ಕಾಗಲೆಲ್ಲ ಒಣ ಸಾಕ್ಸ್ ಬದಲಿಸಬೇಕು. ಒಂದು ಜೊತೆ ಬೂಟು ಒಣಗುವಾಗ ಇನ್ನೊಂದು ಜೊತೆ ಹಾಕಿಕೊಳ್ಳಲು ಇರಬೇಕು. ಇದನ್ನು ಒದಗಿಸುವ ಹೊಣೆ ಸೇನೆಯದೇ, ಅಲ್ವಾ? ಕ್ಲೋಟ್ರಿಮಜೋಲ್, ಟರ್ಬಿನಫಿನ್ ಥರದ ಮುಲಾಮುಗಳು ಕೆಲಸ ಮಾಡುತ್ತವೆ. ಆದರೆ ತುರಿಕೆ ನಿಂತ ಕೂಡಲೇ ಬಿಟ್ಟುಬಿಟ್ಟರೆ ಫಂಗಸ್ ಮತ್ತೆ ಮರಳುತ್ತದೆ. ಸ್ಟಿರಾಯ್ಡ್ ಮುಲಾಮನ್ನಷ್ಟೇ ಹಚ್ಚಿದರೆ ಕೆಂಪು ಇಳಿಯುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ಉಗುರನ್ನೂ ನೋಡಿಕೊಳ್ಳಬೇಕು. ಅದು ಹಳದಿಯಾಗಿ ದಪ್ಪಗಾಗಿದ್ದರೆ ಫಂಗಸ್ ಅಲ್ಲೂ ಸೇರಿರಬಹುದು. ಅಲ್ಲಿಗೆ ಚರ್ಮದ ಮುಲಾಮು ಸರಿಯಾಗಿ ಇಳಿಯುವುದಿಲ್ಲ. ವೈದ್ಯರು ಪರೀಕ್ಷೆ ಮಾಡಿಸಿ, ಸಾಮಾನ್ಯವಾಗಿ ತಿಂಗಳುಗಟ್ಟಲೆ ಮಾತ್ರೆ ಕೊಡುತ್ತಾರೆ.